ಸಮಾನತಾ ಚಾಂಪಿಯನ್: ನೆರವು ಪಡೆದು, ಆಮೇಲೆ ಅದೇ ಹೊಣೆ ಹೊತ್ತ ನರ್ಸ್ ಒಬ್ಬರ ವಿಮರ್ಶೆ

2019ರಲ್ಲಿ ಮಂಗಳೂರಿನಿಂದ ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಬಂದಾಗ, ಮೊದಲ ವಾರ ನನ್ನ ಕೈಗಿತ್ತ ಕಾಗದಗಳ ಕಟ್ಟಿನಲ್ಲಿ ಒಂದು ಬಣ್ಣದ ಹಾಳೆ ಇತ್ತು. ಹತ್ತು ಜನರ ಭಾವಚಿತ್ರ, ಅವರು ಕೆಲಸ ಮಾಡುವ ವಿಭಾಗ, ಪ್ರತಿಯೊಬ್ಬರ ಹೆಸರಿನ ಕೆಳಗೂ ‘ಸಮಾನತಾ ಚಾಂಪಿಯನ್’ ಎಂಬ ಎರಡು ಪದ. ನಾನು ಅದನ್ನು ಓದಲಿಲ್ಲ. ಬ್ಯಾಂಕ್ ಖಾತೆ ತೆರೆಯಬೇಕಿತ್ತು, ಬಾಡಿಗೆಗೆ ಕೋಣೆ ಹುಡುಕಬೇಕಿತ್ತು, ಇಲ್ಲಿ ನರ್ಸ್ ಆಗಿ ನೋಂದಣಿಯಾಗಲು ಬೇಕಾದ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಗೆ ಎಣಿಸಿದಷ್ಟೇ ದಿನಗಳು ಉಳಿದಿದ್ದವು. ಆ ಹಾಳೆ ನೆನಪಿಗೆ ಬಂದದ್ದು ಎರಡು ವರ್ಷಗಳ ಮೇಲೆ, ಅದರ ಅಗತ್ಯ ನನಗೇ ಬಿದ್ದಾಗ. ಅದಾದ ಮೇಲೆ ನಾನೂ ಎರಡು ವರ್ಷ ಅದೇ ಹೊಣೆಯನ್ನು ಹೊತ್ತೆ. ಕರ್ನಾಟಕದಿಂದ, ಅದರಲ್ಲೂ ಕರಾವಳಿಯಿಂದ, ಇಲ್ಲಿಗೆ ಬರುತ್ತಿರುವ ನರ್ಸುಗಳು ಈ ಸೇವೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಎರಡೂ ಬದಿಯಿಂದ ನೋಡಿದವಳಾಗಿ ಬರೆಯುತ್ತಿದ್ದೇನೆ.

ಚಾಂಪಿಯನ್ ಎಂದರೆ ತಾರತಮ್ಯ ಅನುಭವಿಸಿದ ಸಹೋದ್ಯೋಗಿಗಳ ಮಾತು ಕೇಳಿಸಿಕೊಂಡು ದಾರಿ ತೋರಿಸುವವರು; ಇದು ಸಂಬಳದ ಹುದ್ದೆಯಲ್ಲ. ರೋಗಿಗಳನ್ನು ಗಾಲಿ ಮಂಚದಲ್ಲಿ ಕರೆದೊಯ್ಯುವ ಪೋರ್ಟರ್‌ನಿಂದ ಹಿಡಿದು ಕನ್ಸಲ್ಟೆಂಟ್ ವೈದ್ಯರವರೆಗೆ ಯಾರು ಬೇಕಾದರೂ ತಮ್ಮ ಮೂಲ ಕೆಲಸದ ಜೊತೆಗೆ ಇದನ್ನು ಸ್ವಯಂಪ್ರೇರಿತರಾಗಿ ವಹಿಸಿಕೊಳ್ಳಬಹುದು. ಒಂದು ಆಸ್ಪತ್ರೆಯಲ್ಲಿ ಇದಕ್ಕೆ ಸಮಾನತಾ ಚಾಂಪಿಯನ್ ಎನ್ನುತ್ತಾರೆ, ಇನ್ನೊಂದರಲ್ಲಿ ಇನ್‌ಕ್ಲೂಷನ್ ಅಂಬಾಸಿಡರ್ ಎನ್ನುತ್ತಾರೆ. ಫ್ರೀಡಂ ಟು ಸ್ಪೀಕ್ ಅಪ್ ಚಾಂಪಿಯನ್ ಎಂಬುದು ಇದರ ಹತ್ತಿರದ ಬಂಧು. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳು ಅನುಭವಿಸಿದ ಘೋರ ನಿರ್ಲಕ್ಷ್ಯದ ಬಗ್ಗೆ ಸರ್ ರಾಬರ್ಟ್ ಫ್ರಾನ್ಸಿಸ್ ಅವರ ಸಾರ್ವಜನಿಕ ವಿಚಾರಣಾ ವರದಿ 2013ರಲ್ಲಿ ಬಂತು. ತಪ್ಪನ್ನು ಕಂಡ ಸಿಬ್ಬಂದಿಗೆ ಬಾಯಿ ಬಿಡಲು ಭಯವಿತ್ತು ಎಂಬುದು ಅಲ್ಲಿ ಎದ್ದು ಕಂಡ ಸಂಗತಿಗಳಲ್ಲಿ ಒಂದು. ಅವರದೇ ಇನ್ನೊಂದು ವರದಿ 2015ರಲ್ಲಿ ಬಂದ ಬಳಿಕ ಆಸ್ಪತ್ರೆಗಳನ್ನು ನಡೆಸುವ ಪ್ರತಿ ಟ್ರಸ್ಟ್‌ನಲ್ಲಿಯೂ ಸಿಬ್ಬಂದಿಯ ಆತಂಕಗಳನ್ನು ಕೇಳಿಸಿಕೊಳ್ಳುವ ಒಬ್ಬ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಇರಬೇಕೆಂಬ ವ್ಯವಸ್ಥೆಯಾಯಿತು; ಅವರಿಗೆ ಕೈಜೋಡಿಸಲು ವಾರ್ಡು ವಾರ್ಡುಗಳಲ್ಲಿ ಚಾಂಪಿಯನ್‌ಗಳು ಹುಟ್ಟಿಕೊಂಡರು. ಅದೇ 2015ರಲ್ಲಿ ವರ್ಕ್‌ಫೋರ್ಸ್ ರೇಸ್ ಈಕ್ವಾಲಿಟಿ ಸ್ಟ್ಯಾಂಡರ್ಡ್, ಅಂದರೆ ಎಲ್ಲರೂ ‘ರೆಸ್’ ಎಂದು ಕರೆಯುವ ಅಳತೆಗೋಲು ಜಾರಿಗೆ ಬಂತು. ನೇಮಕಾತಿ, ಶಿಸ್ತುಕ್ರಮ, ಕಿರುಕುಳ ಮುಂತಾದ ಒಂಬತ್ತು ವಿಷಯಗಳಲ್ಲಿ ಬಿಳಿಯರ ಮತ್ತು ಬಿಳಿಯರಲ್ಲದ ಸಿಬ್ಬಂದಿಯ ಅನುಭವಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಪ್ರತಿ ಟ್ರಸ್ಟ್ ವರ್ಷವರ್ಷವೂ ಪ್ರಕಟಿಸಬೇಕಾಯಿತು. 2020ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಮೊದಲ ಹತ್ತು ವೈದ್ಯರೂ ಬಿಳಿಯರಲ್ಲದ ಸಮುದಾಯಗಳವರೆಂಬ ಸುದ್ದಿ ಬಂದ ಮೇಲೆ ಈ ಮಾತುಗಳಿಗೆ ಹಿಂದೆಂದೂ ಇರದ ತುರ್ತು ಬಂತು. ನಮ್ಮ ಆಸ್ಪತ್ರೆಯಲ್ಲಿ ಹತ್ತರಷ್ಟಿದ್ದ ಚಾಂಪಿಯನ್‌ಗಳ ಸಂಖ್ಯೆ ಆ ವರ್ಷವೇ ಇಮ್ಮಡಿಯಾಯಿತು.

ನಾನು ನೆರವು ಕೇಳಿದ್ದು ಬಡ್ತಿಯ ವಿಷಯಕ್ಕೆ. ವಿದೇಶದಿಂದ ಬಂದ ನರ್ಸ್ ಎಷ್ಟೇ ವರ್ಷಗಳ ಅನುಭವ ಹೊತ್ತು ಬಂದರೂ ನೋಂದಣಿಯಾದ ಮೇಲೆ ಸಾಮಾನ್ಯವಾಗಿ ಬ್ಯಾಂಡ್ 5ರಿಂದಲೇ, ಅಂದರೆ ನೋಂದಾಯಿತ ನರ್ಸಿನ ಮೊದಲ ವೇತನ ದರ್ಜೆಯಿಂದಲೇ, ಆರಂಭಿಸುತ್ತಾಳೆ. ಮಂಗಳೂರಿನ ತೀವ್ರ ನಿಗಾ ಘಟಕದಲ್ಲಿ ಏಳು ವರ್ಷ ದುಡಿದಿದ್ದ ನಾನು ಬ್ಯಾಂಡ್ 6ರ ಹುದ್ದೆಗೆ ಎರಡು ಸಲ ಅರ್ಜಿ ಹಾಕಿದೆ. ಎರಡು ಸಲವೂ ಶಾರ್ಟ್‌ಲಿಸ್ಟ್ ಆಗಿ, ಸಂದರ್ಶನದಲ್ಲಿ ಬಿದ್ದೆ. ಕಾರಣ ಕೇಳಿದರೆ, ನಾಯಕತ್ವದ ಆತ್ಮವಿಶ್ವಾಸ ಸಾಲದು ಎಂಬ ಒಂದೇ ವಾಕ್ಯ ಎರಡು ಸಲವೂ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬಗ್ಗೆ ಮೊದಲ ಪಾಠ ಹೇಳಿಕೊಟ್ಟವಳೇ ನಾನಾಗಿದ್ದೆ. ಆ ರಾತ್ರಿ ಪಾಳಿಯ ವಿರಾಮದಲ್ಲಿ ಹಳೆಯ ಹಾಳೆಯನ್ನು ಹುಡುಕಿ ತೆಗೆದು, ಅದರಲ್ಲಿದ್ದ ಒಬ್ಬರಿಗೆ ಮಿಂಚಂಚೆ ಬರೆದೆ.

ಅವರು ರಕ್ತ ಮಾದರಿ ಸಂಗ್ರಹಿಸುವ ವಿಭಾಗದಲ್ಲಿ ಬಹುಕಾಲದಿಂದ ಇದ್ದ ಕೆರಿಬಿಯನ್ ಮೂಲದ ಮಹಿಳೆ. ಎರಡನೆಯ ದಿನವೇ ಉತ್ತರ ಬಂತು, ನಾಲ್ಕನೆಯ ದಿನ ಕ್ಯಾಂಟೀನಿನ ಹಿಂದಿನ ಪುಟ್ಟ ಕೋಣೆಯಲ್ಲಿ ಭೇಟಿಯಾದೆವು. ಅವರು ಮೊದಲ ಇಪ್ಪತ್ತು ನಿಮಿಷ ಏನನ್ನೂ ಹೇಳದೆ ಕೇಳಿಸಿಕೊಂಡರು. ಅದು ಸಣ್ಣ ಸಂಗತಿಯೆಂದು ಯಾರಾದರೂ ಅಂದುಕೊಂಡರೆ, ಪರದೇಶದಲ್ಲಿ ಎರಡು ವರ್ಷ ಎಲ್ಲದಕ್ಕೂ ‘ಚೆನ್ನಾಗಿದ್ದೇನೆ’ ಎಂದು ಉತ್ತರಿಸಿ ಬದುಕಿದವರ ಕಷ್ಟ ಅವರಿಗೆ ತಿಳಿದಿಲ್ಲವೆಂದೇ ಹೇಳಬೇಕು. ಆಮೇಲೆ ಅವರು ಸಂದರ್ಶನದ ಅಂಕಪಟ್ಟಿಯನ್ನು ಲಿಖಿತವಾಗಿ ಕೇಳಲು ಹೇಳಿದರು. ಪ್ರತಿ ಪ್ರಶ್ನೆಗೂ ಸಂದರ್ಶಕರು ಪ್ರತ್ಯೇಕವಾಗಿ ಅಂಕ ಹಾಕಿರುತ್ತಾರೆ, ಅದನ್ನು ನೋಡಲು ಕೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಸಂದರ್ಶನವೆಂದರೆ ಫಲಿತಾಂಶ ಬರುವುದು, ಅಲ್ಲಿಗೆ ಅದು ಮುಗಿಯುವುದು.

ಅಂಕಪಟ್ಟಿ ತರಿಸಿ ನೋಡಿದಾಗ ರೋಗಿಯ ಆರೈಕೆಯ ಪ್ರಶ್ನೆಗಳಲ್ಲಿ ನನಗೆ ಒಳ್ಳೆಯ ಅಂಕಗಳಿದ್ದವು. ಕುಸಿದಿದ್ದುದು ‘ನೀವು ಮಾಡಿದ ಒಂದು ಸುಧಾರಣೆಯನ್ನು ವಿವರಿಸಿ’ ಎಂಬಂಥ ಪ್ರಶ್ನೆಗಳಲ್ಲಿ. ನಾನು ಪ್ರತಿ ಉತ್ತರದಲ್ಲಿಯೂ ‘ನಾವು ಮಾಡಿದೆವು’ ಎಂದಿದ್ದೆ. ನಾನು ಮಾಡಿದೆ ಎಂದು ಹೇಳಿಕೊಳ್ಳುವುದು ಅಹಂಕಾರವೆಂದು ಕಲಿತು ಬೆಳೆದವಳು ನಾನು. ಆ ಕೋಣೆಯಲ್ಲಿ ಅದೇ ಮಾತು ನಾಯಕತ್ವದ ಕೊರತೆಯಾಗಿ ಬರೆಯಲ್ಪಟ್ಟಿತ್ತು. ಆ ಮಹಿಳೆ ನನ್ನನ್ನು ಮೂರು ಸಲ ಅಣಕು ಸಂದರ್ಶನಕ್ಕೆ ಕೂರಿಸಿದರು, ಅದೂ ತಮ್ಮ ಊಟದ ಹೊತ್ತಿನಲ್ಲಿ. ಮೂರನೆಯ ಅರ್ಜಿಗೆ ನಾನು ಆಯ್ಕೆಯಾದೆ. ಅದರ ಫಲವನ್ನು ಪೂರ್ತಿಯಾಗಿ ಈ ಸೇವೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆ ಸಲ ಸಂದರ್ಶಕರೂ ಬೇರೆಯಾಗಿದ್ದರು. ಆದರೆ ಬಾಗಿಲು ಎಲ್ಲಿದೆಯೆಂದು ಕೈಹಿಡಿದು ತೋರಿಸಿದ್ದು ಅವರೇ.

ಅವರು ನನ್ನನ್ನು ತಿದ್ದಿದರು, ನಾನು ತಿದ್ದಿಕೊಂಡೆ; ಸಂದರ್ಶನ ಮಾಡಿದವರನ್ನು ಕೇಳುವವರು ಯಾರೂ ಇರಲಿಲ್ಲ ಎಂಬ ಮಾತು ಮಾತ್ರ ಆಗಲೂ ನನ್ನನ್ನು ಕಾಡಿತು, ಈಗಲೂ ಕಾಡುತ್ತದೆ. ‘ನಾವು’ ಎಂದು ಮಾತಾಡುವ ಅಭ್ಯರ್ಥಿಯನ್ನು ಮರುಪ್ರಶ್ನೆ ಹಾಕಿ ‘ಅದರಲ್ಲಿ ನಿಮ್ಮ ಕೆಲಸ ಯಾವುದು’ ಎಂದು ಕೇಳಿದ್ದರೆ ಮೊದಲ ಸಲವೇ ಉತ್ತರ ಸಿಗುತ್ತಿತ್ತು. ಹಾಗೆ ಕೇಳಬೇಕೆಂದು ಅವರಿಗೆ ಹೇಳುವ ಅಧಿಕಾರ ಚಾಂಪಿಯನ್‌ಗೆ ಇರಲಿಲ್ಲ. ಸಂದರ್ಶನದ ಕೋಣೆಯಲ್ಲಿ ಚಾಂಪಿಯನ್‌ಗೆ ಕುರ್ಚಿಯೇ ಇರಲಿಲ್ಲ.

ಈ ಸೇವೆಯ ಮಿತಿಯನ್ನು ನಮ್ಮವರಿಗೆ ವಿವರಿಸುವಾಗ ನಾನು ಭಾರತದ ಆಸ್ಪತ್ರೆಗಳ ಆಂತರಿಕ ಸಮಿತಿಯ ಉದಾಹರಣೆ ಕೊಡುತ್ತೇನೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಅಂಥ ಸಮಿತಿ ಇರಲೇಬೇಕು. ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ಅಧಿಕಾರ ಅದಕ್ಕಿದೆ. ಆ ಸಮಿತಿಗಳು ಎಷ್ಟು ಕಡೆ ಸರಿಯಾಗಿ ನಡೆಯುತ್ತವೆ ಎಂಬುದು ಬೇರೆಯೇ ಪ್ರಶ್ನೆ, ಆದರೆ ಕಾನೂನು ಅವುಗಳ ಕೈಗೆ ಕೆಲಸ ಕೊಟ್ಟಿದೆ. ಇಲ್ಲಿಯ ಚಾಂಪಿಯನ್‌ಗೆ ಅಂಥದ್ದೇನೂ ಇಲ್ಲ. ದೂರನ್ನು ತನಿಖೆ ಮಾಡುವಂತಿಲ್ಲ, ಕಡತ ನೋಡುವಂತಿಲ್ಲ, ಪ್ರಕರಣವನ್ನು ತಾನೇ ನಡೆಸುವಂತಿಲ್ಲ. ಕೇಳಿಸಿಕೊಂಡು, ಗಾರ್ಡಿಯನ್ ಬಳಿಗೋ ಎಚ್‌ಆರ್ ಬಳಿಗೋ ಯೂನಿಯನ್ ಬಳಿಗೋ ದಾರಿ ತೋರಿಸಬೇಕು. ಇದನ್ನು ತಿಳಿಯದೆ ಚಾಂಪಿಯನ್‌ಗೆ ಹೇಳಿದ್ದೇ ದೂರು ದಾಖಲಾದಂತೆ ಎಂದು ತಿಂಗಳುಗಟ್ಟಲೆ ಕಾದ ಇಬ್ಬರನ್ನು ನಾನು ಕಂಡಿದ್ದೇನೆ. ತಾರತಮ್ಯದ ವಿರುದ್ಧ ಉದ್ಯೋಗ ನ್ಯಾಯಮಂಡಳಿಗೆ ಹೋಗಲು ನಾನು ಆ ಹೊಣೆಯಲ್ಲಿದ್ದ ಕಾಲದಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೆ ಒಂದು ದಿನ ಕಡಿಮೆಯಷ್ಟೇ ಅವಧಿ ಇತ್ತು. ಚಾಂಪಿಯನ್ ಜೊತೆ ಆಡಿದ ಮಾತಿನಿಂದ ಆ ಗಡಿಯಾರ ನಿಲ್ಲುವುದಿಲ್ಲ. ಅವರಲ್ಲಿ ಒಬ್ಬರು ನನ್ನ ಬಳಿ ಬರುವ ಹೊತ್ತಿಗೆ ಅವಧಿ ಮುಗಿದು ಹೋಗಿತ್ತು. ಆ ಬಣ್ಣದ ಹಾಳೆಯ ಮೇಲೆ ಮೊದಲ ಸಾಲಾಗಿ ಅಚ್ಚಾಗಬೇಕಾದ ಮಾಹಿತಿ ಇದು. ನಮ್ಮ ಹಾಳೆಯಲ್ಲಿ ಅದು ಎಲ್ಲಿಯೂ ಇರಲಿಲ್ಲ.

2022ರಲ್ಲಿ ನಾನೂ ಚಾಂಪಿಯನ್ ಆದೆ. ತರಬೇತಿ ಅರ್ಧ ದಿನದ್ದು, ಪರದೆಯ ಮೇಲೆ. ಈಕ್ವಾಲಿಟಿ ಆ್ಯಕ್ಟ್ 2010 ರಕ್ಷಣೆ ಕೊಡುವ ಒಂಬತ್ತು ನೆಲೆಗಳನ್ನು ತಿಳಿಸಿದರು: ವಯಸ್ಸು, ಅಂಗವೈಕಲ್ಯ, ಲಿಂಗ ಪರಿವರ್ತನೆ, ವಿವಾಹ ಅಥವಾ ನಾಗರಿಕ ಸಹಭಾಗಿತ್ವ, ಗರ್ಭಧಾರಣೆ ಮತ್ತು ಹೆರಿಗೆ, ಜನಾಂಗ, ಧರ್ಮ ಅಥವಾ ನಂಬಿಕೆ, ಲಿಂಗ, ಲೈಂಗಿಕ ಒಲವು. ಮಾತು ಮುಗಿದಾಗ ನಾನು ಕೇಳಿದೆ, ಜಾತಿ ಇದರಲ್ಲಿ ಎಲ್ಲಿ ಬರುತ್ತದೆ? ತರಬೇತಿ ಕೊಡುತ್ತಿದ್ದವರಿಗೆ ಆ ಪ್ರಶ್ನೆಯ ಹಿಂದಿನ ನೋವು ಅರ್ಥವಾಗಲಿಲ್ಲ. ಆ ಕಾಯ್ದೆಯಲ್ಲಿ ಜಾತಿಯನ್ನು ಜನಾಂಗದ ಒಂದು ಅಂಶವಾಗಿ ಸೇರಿಸಬೇಕೆಂದು ಬ್ರಿಟಿಷ್ ಸಂಸತ್ತು 2013ರಲ್ಲಿ ಸರ್ಕಾರಕ್ಕೆ ಹೊಣೆ ಹೊರಿಸಿತ್ತು; 2018ರಲ್ಲಿ ಸರ್ಕಾರ, ನ್ಯಾಯಾಲಯದ ತೀರ್ಪುಗಳೇ ಸಾಕು ಎಂದು ಹೇಳಿ ಆ ದಾರಿಯನ್ನು ಕೈಬಿಟ್ಟಿತು. ಹಾಗಾಗಿ ಜಾತಿಯ ಕಾರಣಕ್ಕೆ ನೋವುಂಡವರಿಗೆ ರಕ್ಷಣೆಯ ಹಾದಿ ಇಲ್ಲವೆಂದಲ್ಲ. ಆದರೆ ಪರದೆಯ ಮೇಲಿನ ಒಂಬತ್ತರಲ್ಲಿ ಆ ಪದವಿಲ್ಲದ ಕಾರಣ ವಾರ್ಡಿನಲ್ಲಿಯೂ ಅದರ ಮಾತಿಲ್ಲ. ವಿಶ್ರಾಂತಿ ಕೋಣೆಯಲ್ಲಿ ಹೊಸದಾಗಿ ಬಂದ ಭಾರತೀಯ ಹುಡುಗಿಗೆ ಊರು, ಮನೆತನದ ಹೆಸರು, ಮನೆಯಲ್ಲಿ ಮಾಡುವ ಅಡುಗೆ ಎಂದು ಒಂದೊಂದಾಗಿ ಕೇಳುತ್ತಾ ಹೋಗುವ ಪ್ರಶ್ನೆಗಳು ಎಲ್ಲಿಗೆ ತಲುಪಲಿಕ್ಕೆ ಎಂಬುದು ನಮಗೆಲ್ಲ ಗೊತ್ತು. ಪಕ್ಕದಲ್ಲಿ ಕುಳಿತ ಇಂಗ್ಲಿಷ್ ಸಹೋದ್ಯೋಗಿಗೆ ಅದು ಸ್ನೇಹದ ಮಾತಿನಂತೆ ಕೇಳಿಸುತ್ತದೆ. ನಮ್ಮವರಿಂದ ನಮ್ಮವರಿಗೇ ಆಗುವ ಈ ಅನ್ಯಾಯವನ್ನು ಗುರುತಿಸಬಲ್ಲ ಚಾಂಪಿಯನ್ ನಮ್ಮಲ್ಲಿಂದಲೇ ಬರಬೇಕು. ಹಾಗೆ ಬಂದವರು ಅದನ್ನು ನೋಡಿಯೂ ಸುಮ್ಮನಿದ್ದರೆ ಚಾಂಪಿಯನ್ ಬ್ಯಾಡ್ಜ್ ತೊಡಲು ಅವರು ಅರ್ಹರಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನನ್ನ ಬಳಿಗೆ ಬಂದ ಸಂಗತಿಗಳಲ್ಲಿ ಚೆನ್ನಾಗಿ ಬಗೆಹರಿದ ಒಂದನ್ನು ಹೇಳುತ್ತೇನೆ. ಒಂದು ವಾರ್ಡಿನಲ್ಲಿ ಉಡುಪಿ ಕಡೆಯ ಇಬ್ಬರು ನರ್ಸುಗಳು ಊಟದ ವಿರಾಮದಲ್ಲಿ ತುಳುವಿನಲ್ಲಿ ಮಾತಾಡಿದ್ದರು. ಮರುದಿನ ಆ ಕೋಣೆಯ ಗೋಡೆಯ ಮೇಲೆ, ವಾರ್ಡಿನ ಒಳಗೆ ಎಲ್ಲೆಡೆ, ಎಲ್ಲ ವೇಳೆಯೂ ಇಂಗ್ಲಿಷ್ ಮಾತ್ರ ಎಂಬ ಚೀಟಿ ಅಂಟಿತ್ತು. ಕಿರಿಯವಳು ನನಗೆ ಫೋನ್ ಮಾಡಿ, “ಅಕ್ಕಾ, ನಾವು ಯಾರ ಬಗ್ಗೆಯೂ ಮಾತಾಡಿರಲಿಲ್ಲ, ಅಮ್ಮನ ಮಂಡಿ ನೋವಿನ ವಿಷಯ ಹೇಳ್ತಾ ಇದ್ದೆ ಅಷ್ಟೇ” ಎಂದಳು. ನಾನು ವಾರ್ಡ್ ಮ್ಯಾನೇಜರ್ ಅವರನ್ನು ಭೇಟಿಯಾದೆ. ರೋಗಿಯ ಹಾಸಿಗೆಯ ಬಳಿ, ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ, ಔಷಧ ಕೊಡುವಾಗ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿಯೇ ಮಾತಾಡಬೇಕೆಂಬುದು ರೋಗಿಯ ಸುರಕ್ಷತೆಯ ಪ್ರಶ್ನೆ, ಅದರಲ್ಲಿ ನನಗೂ ಭಿನ್ನಮತವಿಲ್ಲ ಎಂದು ಮೊದಲೇ ಹೇಳಿದೆ. ಆದರೆ ಕೆಲಸದ ಅಗತ್ಯವಿಲ್ಲದ ಕಡೆಯೂ ಸಾರಾಸಗಟು ಭಾಷಾ ನಿಷೇಧ ಹೇರಿದರೆ ಅದು ಜನಾಂಗದ ನೆಲೆಯ ಪರೋಕ್ಷ ತಾರತಮ್ಯವಾಗಬಹುದು ಎಂಬುದನ್ನೂ ತಿಳಿಸಿದೆ. ಅವರಿಗೆ ಈ ವ್ಯತ್ಯಾಸ ನಿಜಕ್ಕೂ ಹೊಳೆದಿರಲಿಲ್ಲ. ಯಾರೋ ಒಬ್ಬರು ತಮ್ಮನ್ನು ಆಡಿಕೊಳ್ಳುತ್ತಿದ್ದಾರೆಂದು ದೂರಿದ್ದರಿಂದ ಅವಸರದಲ್ಲಿ ಚೀಟಿ ಅಂಟಿಸಿದ್ದರು. ಚೀಟಿ ಅಂದೇ ಹೋಯಿತು. ಬೇರೆಯವರು ಜೊತೆಯಲ್ಲಿ ಕುಳಿತಿರುವಾಗ ಅವರನ್ನು ಹೊರಗಿಟ್ಟು ಮಾತಾಡದಿರುವುದು ಸೌಜನ್ಯ ಎಂದು ಆ ಹುಡುಗಿಯರಿಗೂ ಹೇಳಿದೆ, ಅವರು ಒಪ್ಪಿದರು. ದೂರು, ತನಿಖೆ, ವಕೀಲರು ಎಂದು ಬೆಳೆಯಬಹುದಾಗಿದ್ದ ಕಹಿ ಹದಿನೈದು ನಿಮಿಷಗಳಲ್ಲಿ ಕರಗಿತು. ಗಾಯ ಸಣ್ಣದಿರುವಾಗ ಮುಟ್ಟಬಲ್ಲ ಕೈ ಇದು, ಮತ್ತು ಅಂಥ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಬೇರೆ ಕಂಡಿಲ್ಲ.

ಆದರೆ ಆ ಹದಿನೈದು ನಿಮಿಷ ಎಲ್ಲಿಂದ ಬಂತು? ಹನ್ನೆರಡೂವರೆ ಗಂಟೆಯ ಹಗಲು ಪಾಳಿ ಮುಗಿದ ಮೇಲೆ, ಬಸ್ಸು ತಪ್ಪಿಸಿಕೊಂಡು. ಚಾಂಪಿಯನ್‌ಗಳಿಗೆ ತಿಂಗಳಿಗೆ ಎರಡು ಗಂಟೆ ಮೀಸಲು ಸಮಯ ಎಂದು ನಮ್ಮ ಆಸ್ಪತ್ರೆಯ ನಿಯಮದಲ್ಲಿ ಬರೆದಿತ್ತು. ಎರಡು ವರ್ಷಗಳಲ್ಲಿ ಒಮ್ಮೆಯೂ ಅದು ನನ್ನ ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಕಾಣಿಸಲಿಲ್ಲ. ವಾರ್ಡಿನಲ್ಲಿ ಒಬ್ಬರು ಕಡಿಮೆಯಿದ್ದಾಗ ರೋಗಿಯನ್ನು ಬಿಟ್ಟು ಸಭೆಗೆ ಹೋಗಲು ಯಾವ ನರ್ಸಿಗೂ ಮನಸ್ಸು ಬರುವುದಿಲ್ಲ, ಮತ್ತು ವಾರ್ಡಿನಲ್ಲಿ ಯಾವಾಗಲೂ ಒಬ್ಬರು ಕಡಿಮೆಯಿರುತ್ತಿದ್ದರು. ತಿಂಗಳ ಸಭೆಗಳು ಮಧ್ಯಾಹ್ನ ನಡೆಯುತ್ತಿದ್ದುದರಿಂದ ಕಚೇರಿಯಲ್ಲಿ ಕೂರುವ ಚಾಂಪಿಯನ್‌ಗಳು ತಪ್ಪದೆ ಬಂದರು. ಪೋರ್ಟರ್‌ಗಳು, ಸ್ವಚ್ಛತಾ ಸಿಬ್ಬಂದಿ, ರಾತ್ರಿ ಪಾಳಿಯ ನರ್ಸುಗಳು ಬರಲಾಗಲಿಲ್ಲ. ಯಾರಿಗೆ ಹೇಳಿಕೊಳ್ಳಲು ಅತಿ ಹೆಚ್ಚು ಸಂಗತಿಗಳಿದ್ದವೋ ಅವರ ಕುರ್ಚಿಯೇ ಖಾಲಿಯಿತ್ತು. ಇನ್ನೂ ನೋಯಿಸುವ ಸಂಗತಿಯೆಂದರೆ, ನಮ್ಮ ಇಪ್ಪತ್ತು ಜನರಲ್ಲಿ ಹದಿನಾಲ್ಕು ಜನ ಬಿಳಿಯರಲ್ಲದವರು, ಉಳಿದವರಲ್ಲಿಯೂ ಕೆಲವರು ಅಂಗವೈಕಲ್ಯದೊಡನೆ ದುಡಿಯುತ್ತಿದ್ದವರು. ಅನ್ಯಾಯವನ್ನು ಉಂಡವರೇ ತಮ್ಮ ಬಿಡುವಿನಲ್ಲಿ, ಬಿಟ್ಟಿಯಾಗಿ, ಅದನ್ನು ಸರಿಪಡಿಸುವ ಕೆಲಸವನ್ನೂ ಮಾಡುತ್ತಿದ್ದರು. ಕಷ್ಟದ ಕಥೆ ಕೇಳಿ ಮನೆಗೆ ಹೋದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಕೇಳಿಸಿಕೊಂಡವರ ಮಾತನ್ನು ಕೇಳಿಸಿಕೊಳ್ಳುವವರು ಯಾರು ಎಂಬುದಕ್ಕೆ ವ್ಯವಸ್ಥೆ ಇರಲಿಲ್ಲ.

ಇದೇ ಬಗೆಯ ಸ್ವಯಂಸೇವಾ ಹೊಣೆಗಳಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದದ್ದು ರಾಯಲ್ ಕಾಲೇಜ್ ಆಫ್ ನರ್ಸಿಂಗ್ ರೂಪಿಸಿದ ಕಲ್ಚರಲ್ ಅಂಬಾಸಿಡರ್ ಯೋಜನೆ. ಇದರಲ್ಲಿ ತರಬೇತಿ ಪಡೆದ ಸಿಬ್ಬಂದಿ ಶಿಸ್ತುಕ್ರಮದ ವಿಚಾರಣೆಗಳಲ್ಲಿ ತಟಸ್ಥರಾಗಿ ಕೂರುತ್ತಾರೆ. ಆರೋಪಿತರ ಪರವೂ ಅಲ್ಲ, ಆಡಳಿತದ ಪರವೂ ಅಲ್ಲ. ಪ್ರಶ್ನೆಯೊಂದು ಸಂಸ್ಕೃತಿಯ ತಪ್ಪು ತಿಳಿವಳಿಕೆಯಿಂದ ಹುಟ್ಟಿದೆಯೇ, ಬೇರೆಯವರಾಗಿದ್ದರೆ ಇದೇ ತಪ್ಪಿಗೆ ಇದೇ ಕ್ರಮ ಆಗುತ್ತಿತ್ತೇ ಎಂಬುದನ್ನು ಆ ಕೋಣೆಯೊಳಗೇ ಎತ್ತಿ ತೋರಿಸುವುದು ಅವರ ಕೆಲಸ. ಹಿರಿಯರ ಎದುರು ಕಣ್ಣು ತಗ್ಗಿಸಿ ನಿಂತ ನಮ್ಮ ಹುಡುಗಿಯನ್ನು ‘ಏನೋ ಮುಚ್ಚಿಡುತ್ತಿದ್ದಾಳೆ’ ಎಂದು ಓದಬಹುದಾದ ಕಡೆ, ಅದು ಗೌರವದ ಅಭ್ಯಾಸ ಎಂದು ಹೇಳಬಲ್ಲ ಒಬ್ಬರು ಅಲ್ಲಿಯೇ ಇರುವುದು ಎಂಥ ಧೈರ್ಯ ಎಂಬುದನ್ನು ವಿಚಾರಣೆ ಎದುರಿಸಿದವರನ್ನೇ ಕೇಳಬೇಕು.

‘ರೆಸ್’ ಅಂಕಿಗಳನ್ನು ಓದುವಾಗಲೂ ನನಗೆ ಇದೇ ಹೊಳೆಯುತ್ತದೆ. ಇಂಗ್ಲೆಂಡಿನ ಟ್ರಸ್ಟ್‌ಗಳಲ್ಲಿ ಬಿಳಿಯರಲ್ಲದ ಸಿಬ್ಬಂದಿ ಔಪಚಾರಿಕ ಶಿಸ್ತುಕ್ರಮಕ್ಕೆ ಒಳಗಾಗುವ ಸಾಧ್ಯತೆ 2016ರಲ್ಲಿ ಬಿಳಿಯರಿಗಿಂತ 1.56 ಪಟ್ಟು ಇತ್ತು. 2023ರ ಹೊತ್ತಿಗೆ ಅದು 1.03 ಪಟ್ಟಿಗೆ ಇಳಿದು ಹೆಚ್ಚುಕಡಿಮೆ ಸಮವಾಯಿತು. ಅದೇ 2023ರಲ್ಲಿ ಶಾರ್ಟ್‌ಲಿಸ್ಟ್ ಆದವರ ಪೈಕಿ ಬಿಳಿಯ ಅಭ್ಯರ್ಥಿಗಳು ನೇಮಕವಾಗುವ ಸಾಧ್ಯತೆ ಉಳಿದವರಿಗಿಂತ 1.59 ಪಟ್ಟು ಇತ್ತು. ಹಿಂದಿನ ವರ್ಷ ಅದು 1.54 ಆಗಿತ್ತು, ಅಂದರೆ ಅಂತರ ಕುಗ್ಗುವ ಬದಲು ಹಿಗ್ಗಿತ್ತು. ಅಷ್ಟರಲ್ಲಿ ಸಿಬ್ಬಂದಿಯಲ್ಲಿ ಬಿಳಿಯರಲ್ಲದವರ ಪಾಲು 26.4 ಶೇಕಡಾ ತಲುಪಿತ್ತು. ಶಿಸ್ತುಕ್ರಮದ ಅಂತರ ಕುಗ್ಗಲು ಒಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಅನೇಕ ಟ್ರಸ್ಟ್‌ಗಳು ಪ್ರಕ್ರಿಯೆಯನ್ನೇ ಬದಲಿಸಿದವು. ಔಪಚಾರಿಕ ಕ್ರಮಕ್ಕೆ ಇಳಿಯುವ ಮೊದಲು ಇದು ನಿಜಕ್ಕೂ ಅಗತ್ಯವೇ ಎಂದು ಇನ್ನೊಬ್ಬರು ಪರಿಶೀಲಿಸುವ ಹಂತವನ್ನು ಸೇರಿಸಿದವು. ಸಂದರ್ಶನದ ಕೋಣೆಗೆ ಅಂಥ ಕಣ್ಣು ಇನ್ನೂ ಎಲ್ಲೆಡೆ ತಲುಪಿಲ್ಲ. ನನ್ನ ಎರಡು ಸೋಲುಗಳೂ ಆ 1.59ರ ಒಳಗೆ ಎಲ್ಲೋ ಇವೆ ಎಂದು ನನಗೆ ಅನ್ನಿಸುತ್ತದೆ.

ಬ್ಯಾಡ್ಜ್ ಬಗ್ಗೆ ಎರಡು ಮಾತು. 2018ರಲ್ಲಿ ಲಂಡನ್ನಿನ ಎವೆಲಿನಾ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾದ ಕಾಮನಬಿಲ್ಲಿನ ಬ್ಯಾಡ್ಜ್, ಅದನ್ನು ತೊಟ್ಟವರ ಬಳಿ ಲೈಂಗಿಕ ಅಲ್ಪಸಂಖ್ಯಾತ ಮಕ್ಕಳೂ ಸಿಬ್ಬಂದಿಯೂ ಅಂಜದೆ ಮಾತಾಡಬಹುದು ಎಂಬ ಸೂಚನೆಯಾಗಿ ಬಂದದ್ದು. ಅದಕ್ಕೆ ಒಂದು ಪ್ರತಿಜ್ಞೆಯೂ ಇತ್ತು, ಕೇಳಿದರೆ ಎಲ್ಲಿಗೆ ಕಳಿಸಬೇಕೆಂಬ ತಿಳಿವಳಿಕೆಯೂ ಇತ್ತು. ಹಾಗೆ ತೊಟ್ಟ ಬ್ಯಾಡ್ಜಿಗೆ ನಾನು ತಲೆಬಾಗುತ್ತೇನೆ. ಸಭೆಗೂ ಬಾರದೆ, ತರಬೇತಿಯನ್ನೂ ಪಡೆಯದೆ ಗುರುತಿನ ಚೀಟಿ ತೂಗುವ ಲ್ಯಾನ್ಯಾರ್ಡ್‌ಗೆ ಸಿಕ್ಕಿಸಿಕೊಂಡವರ ಬಳಿ ಹೋಗಿ ನಿರಾಶರಾದವರು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ, ಅದೇ ದೊಡ್ಡ ನಷ್ಟ.

ಹೊಸದಾಗಿ ಬರುವ ನಮ್ಮ ನರ್ಸುಗಳಿಗೆ ನನ್ನ ಶಿಫಾರಸು ಹೀಗಿದೆ. ಸಂದರ್ಶನದ ಸಿದ್ಧತೆ, ರಜೆ ಕೊಡುವಲ್ಲಿ ಭೇದ, ಹೆಸರನ್ನು ಬೇಕೆಂದೇ ತಪ್ಪಾಗಿ ಕರೆಯುವುದು, ಭಾಷೆ, ಹಬ್ಬ, ಉಪವಾಸ, ಉಡುಪು ಇಂಥವುಗಳಿಗೆ ತಡಮಾಡದೆ ಚಾಂಪಿಯನ್ ಬಳಿ ಹೋಗಿ; ಐದರಲ್ಲಿ ನಾಲ್ಕು ಅಂಕವನ್ನು ನಾನು ಕಣ್ಣುಮುಚ್ಚಿ ಕೊಡುತ್ತೇನೆ. ವಿಚಾರಣೆಯ ಪತ್ರ ಕೈಗೆ ಬಂದಿದ್ದರೆ, ಕೆಲಸಕ್ಕೆ ಕುತ್ತು ಬರುವಂತಿದ್ದರೆ, ಮೊದಲು ಯೂನಿಯನ್‌ಗೆ ಫೋನ್ ಮಾಡಿ, ತಾರೀಖುಗಳನ್ನು ಬರೆದಿಡಿ, ಆಮೇಲೆ ಚಾಂಪಿಯನ್ ಬಳಿ ಹೋಗಿ. ಆ ಕೆಲಸಕ್ಕೆ ಈ ಸೇವೆಗೆ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ, ಮತ್ತು ಅದು ಚಾಂಪಿಯನ್‌ಗಳ ತಪ್ಪಲ್ಲ. ಯೂನಿಯನ್ ಸದಸ್ಯತ್ವವನ್ನು ಮೊದಲ ತಿಂಗಳ ಸಂಬಳದಲ್ಲಿಯೇ ಮಾಡಿಸಿಕೊಳ್ಳಿ, ತೊಂದರೆ ಬಂದ ಮೇಲೆ ಸೇರಿದರೆ ಹಳೆಯ ಪ್ರಕರಣಕ್ಕೆ ನೆರವು ಸಿಗುವುದು ಕಷ್ಟ.

ನನ್ನ ಎರಡು ವರ್ಷ ಮುಗಿದಾಗ ಮುಂದುವರಿಯುವಿರಾ ಎಂದು ಕೇಳಿದರು. ಮೀಸಲು ಗಂಟೆಗಳು ರೋಟಾದಲ್ಲಿ ಅಚ್ಚಾಗಿ ಬರಬೇಕು, ನನ್ನ ಜಾಗಕ್ಕೆ ಆ ಹೊತ್ತು ಇನ್ನೊಬ್ಬರು ಬರಬೇಕು, ಬ್ಯಾಂಡ್ 6 ಮತ್ತು ಮೇಲಿನ ಸಂದರ್ಶನಗಳಲ್ಲಿ ಒಬ್ಬ ಚಾಂಪಿಯನ್‌ಗೆ ಕುರ್ಚಿ ಇರಬೇಕು ಎಂದು ಮೂರು ಷರತ್ತುಗಳನ್ನು ಬರೆದು ಕೊಟ್ಟೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಒಪ್ಪಿಗೆ ಬಂತು. ಎರಡನೆಯದು ಬಜೆಟ್‌ನ ಪ್ರಶ್ನೆ, ನೋಡೋಣ ಎಂದರು. ಅದರ ಉತ್ತರ ಬರುವವರೆಗೆ ನಾನು ಸಹಿ ಹಾಕಿಲ್ಲ. ಹಳೆಯ ಹಾಳೆಯಿಂದ ನನ್ನ ಭಾವಚಿತ್ರವನ್ನು ಅವರು ತೆಗೆದಿಲ್ಲವಾದ್ದರಿಂದ ಹುಡುಗಿಯರ ಫೋನ್ ಮಾತ್ರ ಇನ್ನೂ ಬರುತ್ತಿದೆ, ನಾನು ಎತ್ತುತ್ತೇನೆ.